ಹೂವಿನ ರೇಟು, ನಿನ್ನ ಎಸ್‌ಐಪಿ

ಪ್ರೀತಿಯ ಪುಟ್ಟಿ,

ಷೇರು ಮಾರ್ಕೆಟ್ ಬೀಳ್ತಾ ಇದೆ, ತಿಂಗಳು ತಿಂಗಳು ಷೇರಿನ ಮ್ಯೂಚುವಲ್ ಫಂಡಿಗೆ ಕಟ್ಟುವ ಎಸ್‌ಐಪಿ ನಿಲ್ಲಿಸಿಬಿಡ್ತೀನಿ ಅಂತ ಮೊನ್ನೆ ಫೋನಿನಲ್ಲಿ ಅಂದೆಯಲ್ಲ, ಆಗ ನಾನು ಸುಮ್ಮನಿದ್ದೆ. ನಿನ್ನ ದನಿ ನಡುಗುತ್ತಿತ್ತು. ಅಂಥ ಹೊತ್ತಿನಲ್ಲಿ ಯಾರು ಏನು ಹೇಳಿದರೂ ಕಿವಿಗೆ ಬೀಳುವುದಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಈ ವಾರ ಚಿಕ್ಕಬಳ್ಳಾಪುರದಲ್ಲಿ ನಿನ್ನ ಸೋದರಮಾವನ ಮನೆಯಲ್ಲಿದ್ದೇನೆ. ಯುಗಾದಿ ಹತ್ತಿರ ಬಂತು. ಹೊಂಗೆ ಚಿಗುರಿದೆ, ಬೇವು ಹೂ ಬಿಟ್ಟಿದೆ. ಬೆಳಗ್ಗೆ ಬೇಗ ಎದ್ದು ಅತ್ತೆಯ ಜೊತೆ ತೋಟಕ್ಕೆ ಹೋಗುತ್ತೇನೆ. ಇತ್ತ ಮಾವನ ಹಳದಿ ಸೇವಂತಿಗೆ, ಬದುವಿನ ಆಚೆ ಪಕ್ಕದವರ ಮಿರಾಬುಲ್ ಗುಲಾಬಿ, ಅದರಾಚೆ ಚೆಂಡು ಹೂ. ಕಣ್ಣು ಸಾಲದು. ಅತ್ತೆ ಸೀರೆಯ ಮೇಲೆ ಹಳೇ ಶರ್ಟು ಹಾಕಿಕೊಂಡು, ಮಡಿಲು ಕಟ್ಟಿಕೊಂಡು, ಎರಡೂ ಕೈಯಲ್ಲಿ ಹೂ ಬಿಡಿಸುತ್ತಾಳೆ. ಒದ್ದೆ ಹೂವನ್ನು ಹಾಗೇ ಚೀಲಕ್ಕೆ ತುಂಬಲು ಬಿಡುವುದಿಲ್ಲ. ಬೇಗ ಕೊಳೆಯುತ್ತೆ ಅಂತ ಗೋಣಿ ಹಾಸಿ ಹರವುತ್ತಾಳೆ.

ಹೂವಿನ ರೇಟು ನಿನಗೆ ಗೊತ್ತೇ ಇದೆ. ವರಮಹಾಲಕ್ಷ್ಮಿ ಹಬ್ಬಕ್ಕೆ, ಆಯುಧ ಪೂಜೆಗೆ ಏರುತ್ತೆ. ಆಷಾಢ, ಪಿತೃಪಕ್ಷದಲ್ಲಿ ಕೇಳುವವರೇ ಇರುವುದಿಲ್ಲ. ಕಿತ್ತ ಕೂಲಿಯೂ ಹುಟ್ಟದೆ ಎಷ್ಟೋ ಸಲ ರಸ್ತೆ ಬದಿಗೆ ಸುರಿದು ಬರುತ್ತಾರೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತೆ. ನಾನು ಮಾವನನ್ನು ಕೇಳಿದೆ, ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಹೀಗಾಗುತ್ತೆ ಅಂತ. "ರೇಟು ಏರಿದಾಗ ಊರೆಲ್ಲ ಸಸಿ ಹುಡುಕುತ್ತೆ, ಬಿದ್ದಾಗ ಊರೆಲ್ಲ ಟ್ರ್ಯಾಕ್ಟರ್ ಹುಡುಕುತ್ತೆ" ಅಂದ. ನೆಟ್ಟ ಸೇವಂತಿಗೆ ಹೂ ಬಿಡಲು ಮೂರು ನಾಲ್ಕು ತಿಂಗಳು ಬೇಕು. ಇವತ್ತಿನ ರೇಟು ನೋಡಿ ಎಲ್ಲರೂ ನೆಟ್ಟರೆ ಅಷ್ಟೂ ಹೂ ಒಟ್ಟಿಗೇ ಮಾರುಕಟ್ಟೆಗೆ ಬರುತ್ತೆ. ಆಗ ಬೇಜಾರಾಗಿ ಉತ್ತು ಹಾಕಿದವರ ಹೊಲದಲ್ಲಿ ಮುಂದಿನ ಹಬ್ಬಕ್ಕೆ ಹೂವೇ ಇರುವುದಿಲ್ಲ. ಮಾವ ಪ್ರತಿ ವರ್ಷ ಅದೇ ಅರ್ಧ ಎಕರೆ ನೆಡುತ್ತಾನೆ. ರೇಟು ಕೇಳಿ ಹೆಚ್ಚೂ ಮಾಡುವುದಿಲ್ಲ, ಕಮ್ಮಿಯೂ ಮಾಡುವುದಿಲ್ಲ. ನಷ್ಟ ಅವನಿಗೂ ಆಗಿದೆ. ಆದರೆ ಭೂಮಿ ಮಾರುವಷ್ಟು ಆಗಿಲ್ಲ.

ಮಾರ್ಕೆಟ್ ಬಿದ್ದಾಗ ಎಸ್‌ಐಪಿ ನಿಲ್ಲಿಸುವುದೂ ಹೀಗೆ ಉತ್ತು ಹಾಕಿದಂತೆಯೇ. ಆದರೆ ನಿನಗೆ ಭಯ ಆಗಿದ್ದು ತಪ್ಪಲ್ಲ ಪುಟ್ಟಿ. ಮನುಷ್ಯರೇ ಹಾಗೆ. ಕಾನೆಮನ್ ಮತ್ತು ಟ್ವೆರ್ಸ್ಕಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲೇ ಇದನ್ನು ಬರೆದಿದ್ದಾರೆ. ನೂರು ರೂಪಾಯಿ ಬಂದ ಖುಷಿಗಿಂತ ನೂರು ರೂಪಾಯಿ ಹೋದ ಸಂಕಟ ತುಂಬಾ ಜಾಸ್ತಿಯಂತೆ. 2020ರ ಮಾರ್ಚ್ 23 ನೆನಪಿದೆಯಾ? ನಮ್ಮ ಷೇರು ಮಾರ್ಕೆಟ್ಟಿನ ಸೂಚ್ಯಂಕ ಸೆನ್ಸೆಕ್ಸ್ ಒಂದೇ ದಿನ ಶೇಕಡಾ 13ರಷ್ಟು ಬಿದ್ದು 26,000ಕ್ಕಿಂತ ಕೆಳಗೆ ಹೋಯಿತು. ಅವತ್ತು ಹೆದರಿ ಮಾರಿದವರು ಎಷ್ಟು ಮಂದಿಯೋ. ಮುಂದಿನ ಜನವರಿಯಲ್ಲಿ ಅದೇ ಸೆನ್ಸೆಕ್ಸ್ 50,000 ಮುಟ್ಟಿತು.

ಹಾಗಂತ ಬಿದ್ದದ್ದೆಲ್ಲ ಬೇಗ ಏಳುತ್ತೆ ಅಂತ ನಾನು ಹೇಳುವುದಿಲ್ಲ. ಜಪಾನಿನ ನಿಕ್ಕೇ ಸೂಚ್ಯಂಕ 1989ರ ಕೊನೆಯಲ್ಲಿ ಏರಿದ್ದ ಎತ್ತರವನ್ನು ದಾಟಿದ್ದು 2024ರಲ್ಲಿ! ಅದಕ್ಕೇ ಮಾರ್ಕೆಟ್ ಏನಾಗುತ್ತೆ ಅನ್ನುವುದಕ್ಕಿಂತ ನಿನ್ನ ದುಡ್ಡು ನಿನಗೆ ಯಾವಾಗ ಬೇಕು ಅನ್ನುವುದು ಮುಖ್ಯ. ಎರಡು ಮೂರು ವರ್ಷದಲ್ಲಿ ಬೇಕಾದ ದುಡ್ಡು ಷೇರಿನಲ್ಲಿ ಇರಲೇಬಾರದು. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಬೇರೆಯೇ ಇರಲಿ. ಹತ್ತು ಹದಿನೈದು ವರ್ಷ ಮುಟ್ಟದ ದುಡ್ಡಾದರೆ, ರೇಟು ಕಮ್ಮಿ ಇರುವ ಈ ತಿಂಗಳು ಅದೇ ಕಂತಿಗೆ ಫಂಡಿನ ಜಾಸ್ತಿ ಯೂನಿಟ್, ಅಂದರೆ ಪಾಲು, ಸಿಗುತ್ತೆ ಅಲ್ವಾ? ಈಗ ನಿಲ್ಲಿಸಿದರೆ ಅದನ್ನೇ ಬಿಟ್ಟಂತೆ.

ಕೆಲಸಕ್ಕೆ ತೊಂದರೆ ಬಂದಿದ್ದರೆ, ಬಾಡಿಗೆಗೆ ಕಷ್ಟ ಆಗಿದ್ದರೆ, ಧಾರಾಳವಾಗಿ ನಿಲ್ಲಿಸು. ಅದು ಸರಿಯಾದ ಕಾರಣ. ಹಾಗೇನಾದರೂ ಇದ್ದರೆ ನನ್ನಿಂದ ಮುಚ್ಚಿಡಬೇಡ. ಇಲ್ಲದಿದ್ದರೆ ಒಂದು ವಾರ ಆ ಆ್ಯಪ್ ತೆರೆಯಬೇಡ. ಈ ದುಡ್ಡು ಯಾತಕ್ಕೆ, ಯಾವ ವರ್ಷಕ್ಕೆ ಬೇಕು ಅಂತ ಒಂದು ಹಾಳೆಯಲ್ಲಿ ಬರೆದು ನನಗೆ ವಾಟ್ಸಾಪ್ ಮಾಡು. ಭಾನುವಾರ ಕೂತು ಇಬ್ಬರೂ ನೋಡೋಣ.

ನಿನ್ನ ಅಮ್ಮ