ಮಗಳಿಗೊಂದು ಪತ್ರ: ಮೊದಲು ಪ್ರಶ್ನೆ, ಆಮೇಲೆ ಪೇಪರ್

ಸಾಗರ

ಪ್ರೀತಿಯ ಪುಟ್ಟಿ,

ತೌಲನಿಕ ರಾಜಕೀಯ, ಅಂದರೆ ಬೇರೆ ಬೇರೆ ಕಡೆಯ ರಾಜಕೀಯವನ್ನು ಹೋಲಿಸಿ ನೋಡುವ ವಿಷಯ, ಓದಲು ನೀನು ಕಳಿಸಿದ ಕೋರ್ಸ್‌ಗಳ ಪಟ್ಟಿ ನೋಡಿದೆ. ಪಕ್ಷ ವ್ಯವಸ್ಥೆ, ಒಕ್ಕೂಟ ವ್ಯವಸ್ಥೆ, ಲ್ಯಾಟಿನ್ ಅಮೆರಿಕದ ರಾಜಕೀಯ, ಎಲ್ಲವೂ ಬೇಕು ಅನ್ನಿಸುತ್ತಿದೆ ಅಂದೆ. ನನ್ನ ಮಾತು ಕೇಳುವುದಾದರೆ ಮೊದಲು ಒಂದು ಪ್ರಶ್ನೆ ಹಿಡಿದುಕೋ. ಯಾವ ಪೇಪರ್ ಬೇಕು, ಯಾವುದು ಬೇಡ ಅಂತ ಆಮೇಲೆ ತಾನಾಗೇ ತಿಳಿಯುತ್ತದೆ.

ನಮ್ಮ ಸಾಗರ ತಾಲೂಕಿನ ಕಾಗೋಡನ್ನೇ ತಗೋ. 1951ರಲ್ಲಿ ಅಲ್ಲಿ ಗೇಣಿದಾರರು ತಿರುಗಿಬಿದ್ದರು. ಜಗಳ ಹತ್ತಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ. ಒಡೆಯರ ಕೊಳಗ ದೊಡ್ಡದು. ಅದರಲ್ಲಿ ಅಳೆದು ಕೊಟ್ಟರೆ ವರ್ಷವಿಡೀ ದುಡಿದವನ ಮನೆಗೆ ಉಳಿಯುವುದು ಕಡಿಮೆ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಗೇಣಿದಾರರ ಜೊತೆಗೆ ನಿಂತರು. ಸಮಾಜವಾದಿಗಳ ರಾಷ್ಟ್ರೀಯ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನು ಬಂಧಿಸಿದರು. ಆದರೂ ಉಳುವವನಿಗೆ ಭೂಮಿ ಸಿಕ್ಕಿದ್ದು ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ, ಭೂ ಸುಧಾರಣೆ ಕಾಯ್ದೆಗೆ 1974ರ ತಿದ್ದುಪಡಿ ಜಾರಿಗೆ ಬಂದ ಮೇಲೆ. ಜನ ತಾವು ಉಳುವ ಭೂಮಿಗೆ ಡಿಕ್ಲರೇಷನ್ (ಹಕ್ಕು ಕೇಳುವ ಅರ್ಜಿ) ಹಾಕಿ, ಭೂ ನ್ಯಾಯಮಂಡಳಿ ಮುಂದೆ ನಿಂತು ಪಡೆದುಕೊಂಡರು.

ಕೇರಳದಲ್ಲಿ 1970ರ ಜನವರಿ 1ಕ್ಕೇ ಗೇಣಿ ರದ್ದಾಗಿತ್ತು. ಪಶ್ಚಿಮ ಬಂಗಾಳದಲ್ಲಿ 1978ರಲ್ಲಿ ಆಪರೇಷನ್ ಬರ್ಗಾ ಶುರುವಾಯಿತು. ಅಲ್ಲಿ ಪಾಲಿಗೆ ಉಳುವವರ ಹೆಸರು ದಾಖಲೆಗೆ ಏರಿತು, ಒಡೆತನ ಸಿಗಲಿಲ್ಲ. ಆ ಎರಡೂ ಕಡೆ ಕಮ್ಯುನಿಸ್ಟರ ಬಲವಿತ್ತು. ನಮ್ಮಲ್ಲಿ ಮಾಡಿದ್ದು ಕಾಂಗ್ರೆಸ್ ಸರ್ಕಾರ. ಯಾಕೆ ಮಾಡಿತು? ತೌಲನಿಕ ರಾಜಕೀಯಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಾ?

ಇದನ್ನು ಇಟ್ಟುಕೊಂಡು ಪಟ್ಟಿ ನೋಡು. ಪಕ್ಷ ವ್ಯವಸ್ಥೆ ಬೇಕೇ ಬೇಕು. ಲ್ಯಾಟಿನ್ ಅಮೆರಿಕವನ್ನೂ ಬಿಡಬೇಡ. ಚಿಲಿಯಲ್ಲಿ 1967ರಲ್ಲಿ ಭೂ ಸುಧಾರಣೆ ಕಾಯ್ದೆ ಬಂತು. 1973ರ ಸೇನಾ ದಂಗೆಯ ನಂತರ, ಸರ್ಕಾರ ವಶಪಡಿಸಿಕೊಂಡಿದ್ದರಲ್ಲಿ ಎಷ್ಟೋ ಭೂಮಿ ಹಳೆಯ ಒಡೆಯರಿಗೇ ವಾಪಸ್ ಹೋಯಿತು. ಇಲ್ಲಿ ಗೇಣಿದಾರರ ಕೈ ಸೇರಿದ್ದು ಯಾಕೆ ಉಳಿಯಿತು ಅಂತ ಕೇಳಲು ಅದು ಗೊತ್ತಿರಬೇಕು.

ಸ್ಟ್ಯಾಟಿಸ್ಟಿಕ್ಸ್ ಅಂದರೆ ನಿನಗೆ ಭಯ ಅಂತ ಗೊತ್ತು. ಅದಕ್ಕೇ ಮೊದಲ ಸೆಮಿಸ್ಟರ್‌ನಲ್ಲೇ ತಗೋ. ಮೂರು ರಾಜ್ಯ ಹೋಲಿಸಲು ಹೊರಟರೆ ಕಾರಣಗಳು ಹತ್ತಾರು ಸಿಗುತ್ತವೆ. ಅದರಲ್ಲಿ ಯಾವುದು ನಿಜ ಅಂತ ಸುಮ್ನೆ ಹೇಳಲು ಬರುವುದಿಲ್ಲ. ತಾಲೂಕುವಾರು ಲೆಕ್ಕಕ್ಕೆ ಇಳಿದರೆ ಹೋಲಿಸಲು ಜಾಸ್ತಿ ಸಿಗುತ್ತದೆ. ಮಲಯಾಳಂ ಓದಲು ಈಗಲೇ ಕಲಿ. ಕೇರಳದ ಹಳ್ಳಿಗೆ ಹೋದಾಗ ದುಭಾಷಿ ಹೇಳಿದ್ದನ್ನೇ ನಂಬಿಕೊಂಡು ಕೂರಬೇಕಾಗುವುದಿಲ್ಲ.

ಇಲ್ಲಿ ಡಿಕ್ಲರೇಷನ್ ಹಾಕಿದ ಕೆಲವರು ಇನ್ನೂ ಇದ್ದಾರೆ. ವಯಸ್ಸಾಗಿದೆ. ಕೋರ್ಸ್‌ವರ್ಕ್ ಮುಗಿಯಲಿ ಅಂತ ಕಾಯಬೇಡ. ದಸರಾ ರಜೆಗೆ ರೆಕಾರ್ಡರ್ ಹಿಡಿದುಕೊಂಡೇ ಬಾ, ನಾನೂ ಜೊತೆಗೆ ಬರುತ್ತೇನೆ.

ನಿನ್ನ ಅಪ್ಪ