ಇಳಿಯದೆ ಇನ್ನೊಂದು ಸುತ್ತು ಹೋದರೆ ತಪ್ಪೇನು?

ಮಾನ್ಯ ಸಂಪಾದಕರೇ,

‘ರನ್‌ವೇಯಿಂದ ಜಾರಿದ ತರಬೇತಿ ವಿಮಾನ, ಪೈಲಟ್ ಪಾರು.’ ಇಂಥ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ನಾನೂ ನಾಲ್ಕು ಸಾಲು ಓದಿ ಪುಟ ತಿರುಗಿಸುತ್ತಿದ್ದೆ. ಎರಡು ವರ್ಷದ ಹಿಂದೆ ಹಾಗೆ ಪಾರಾದವಳು ನನ್ನ ಮಗಳು.

ಅವತ್ತು ಒಬ್ಬಳೇ ಹಾರಿಸುತ್ತಿದ್ದಳು. ಚಕ್ರ ನೆಲಕ್ಕೆ ತಾಗಿದ್ದೇ ತಡ, ವಿಮಾನ ಚೆಂಡಿನ ಹಾಗೆ ಪುಟಿಯಿತು. ಗಾಬರಿಯಲ್ಲಿ ಮೂತಿಯನ್ನು ಕೆಳಗೆ ಒತ್ತಿದಳು. ಮುಂದಿನ ಚಕ್ರವೇ ಮೊದಲು ಬಡಿದು ಇನ್ನೂ ಜೋರಾಗಿ ಪುಟಿಯಿತು. ಮೂರನೇ ಸಲಕ್ಕೆ ಆ ಚಕ್ರದ ಕಾಲು ಮುರಿದು ಪ್ರೊಪೆಲ್ಲರ್ ರನ್‌ವೇಗೆ ಬಡಿಯಿತು. ಅವಳಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು.

ಊರಿಗೆ ಬಂದವಳು ಊಟಕ್ಕೆ ಕೂತಲ್ಲೇ ಚಮಚ ಹಿಡಿದು ತೋರಿಸಿದಳು. “ಹಿಂದಿನ ಎರಡು ಚಕ್ರ ಮೊದಲು ಕೂರಬೇಕಪ್ಪಾ, ಮುಂದಿನದು ಆಮೇಲೆ. ನಾವು ಹಾರಿಸೋ ಸೆಸ್ನಾ 172 ವಿಮಾನ ಇಳಿಯೋಕೆ ಬರುವಾಗ ಸುಮಾರು 65 ನಾಟ್ ಇರಬೇಕು, ಅಂದ್ರೆ ಗಂಟೆಗೆ 120 ಕಿಲೋಮೀಟರ್. ಹತ್ತು ನಾಟ್ ಜಾಸ್ತಿ ಆದ್ರೂ ಅದು ಕೂರಲ್ಲ, ತೇಲ್ತಾ ಹೋಗುತ್ತೆ. ಬಲವಂತ ಮಾಡಿದ್ರೆ ಪುಟಿಯುತ್ತೆ.”

ಮತ್ತೇನು ಮಾಡಬೇಕಿತ್ತು ಎಂದು ಕೇಳಿದೆ. “ಪೂರ್ತಿ ಪವರ್ ಕೊಟ್ಟು ಮೇಲೆದ್ದು ಇನ್ನೊಂದು ಸುತ್ತು ಬರಬೇಕಿತ್ತು. ಅದಾಗಲೇ ಎರಡು ಸಲ ಹಾಗೆ ಹೋಗಿದ್ದೆ. ಮತ್ತೆ ಹೋದ್ರೆ ಸರ್ ಏನಂತಾರೋ ಅನ್ನಿಸ್ತು” ಎಂದಳು.

ನನ್ನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಅಪಘಾತದ ಹಿಂದಿನ ರಾತ್ರಿ ಫೋನಿನಲ್ಲಿ ನಾನೇ ಅವಳನ್ನು ಕೇಳಿದ್ದೆ: “ಜೊತೆಯವರೆಲ್ಲ ಎಷ್ಟು ಗಂಟೆ ಮುಗಿಸಿದ್ರು? ನಿಂದ್ಯಾಕೆ ಇಷ್ಟು ನಿಧಾನ?” ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಬೇಕು. ಗಂಟೆ ಲೆಕ್ಕದಲ್ಲಿ ದುಡ್ಡು. ಸಾಲ ಮಾಡಿದ ಅಪ್ಪಂದಿರಿಗೆ ಗಂಟೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಆ ಒತ್ತಡ ಮಕ್ಕಳ ಜೊತೆಗೇ ಕಾಕ್‌ಪಿಟ್‌ಗೆ ಹೋಗಿ ಕೂರುತ್ತದೆ.

ಸಣ್ಣ ವಿಮಾನ ಇಳಿಯುವಾಗಿನ ಅಪಘಾತದಲ್ಲಿ ಜೀವ ಹೋಗುವುದು ಕಡಿಮೆ. ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಹೇಗಾದರೂ ಇಳಿಸಿಯೇ ತೀರಬೇಕು ಎಂಬ ಅಭ್ಯಾಸ ದೊಡ್ಡ ವಿಮಾನಕ್ಕೂ ಬಂದರೆ? 2010ರ ಮೇ 22ರಂದು ಮಂಗಳೂರಿನ ವಿಮಾನ ಅಪಘಾತದಲ್ಲಿ 158 ಜನ ಸತ್ತರು. ಇಳಿಯುವುದು ಬೇಡ, ಮೇಲಕ್ಕೆ ಹೋಗೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದ್ದರೂ ಕ್ಯಾಪ್ಟನ್ ಇಳಿಸಿದರು ಎಂದು ತನಿಖಾ ವರದಿಯಲ್ಲೇ ಇದೆ. ಅದನ್ನು ನಾವು ಮರೆಯಬಾರದು ಅಲ್ವಾ?

ತರಬೇತಿ ಶಾಲೆಗಳಲ್ಲಿ ನನ್ನದೊಂದು ಬೇಡಿಕೆ. ಇಳಿಯದೆ ಮೇಲೆದ್ದು ಹೋದ ಸುತ್ತಿಗೆ ದುಡ್ಡು ಹಿಡಿಯಬೇಡಿ. ಐದಾರು ನಿಮಿಷದ ಮಾತು ಅದು. ಹಾಗೆ ಹೋದ ವಿದ್ಯಾರ್ಥಿಯನ್ನು ಎಲ್ಲರೆದುರು ‘ಯಾಕೆ ಹೋದೆ’ ಎಂದು ಕೇಳಬೇಡಿ, ಬೆನ್ನು ತಟ್ಟಿ. ವಿಮಾನಯಾನದ ನಿಯಮ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ ಡಿಜಿಸಿಎ ಇದನ್ನೇ ನಿಯಮ ಮಾಡಿದರೆ ಇನ್ನೂ ಒಳ್ಳೆಯದು.

ಮಗಳು ಮತ್ತೆ ಹಾರುತ್ತಿದ್ದಾಳೆ. ಫೋನಿನಲ್ಲಿ ಗಂಟೆ ಲೆಕ್ಕ ಕೇಳುವುದನ್ನು ನಾನು ಬಿಟ್ಟಿದ್ದೇನೆ.

– ವಿದ್ಯಾರ್ಥಿ ಪೈಲಟ್ ಒಬ್ಬಳ ತಂದೆ, ದಾವಣಗೆರೆ