ಕುದಿಸಿದ ಮೇಲೆ ಬೇರು ಯಾವುದೆಂದು ಹೇಳುವವರು ಯಾರು?

ಸಂಪಾದಕರೇ, ನಮಸ್ಕಾರ.

ಕೊರಿಯಾದ ಗಿಡಮೂಲಿಕೆ ಔಷಧಿಗಳ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿದೆ. ಜಿನ್‌ಸೆಂಗ್ ಅನ್ನುವ ಬೇರು ತಿಂದರೆ ಏನೇನು ಲಾಭ ಅಂತ ಪುಟ ತುಂಬ ಇತ್ತು. ಆದರೆ ಪ್ಯಾಕೆಟ್ಟಿನ ಒಳಗಿರೋದು ಜಿನ್‌ಸೆಂಗೇ ಹೌದಾ ಅಂತ ಯಾರು, ಹೇಗೆ ನೋಡುತ್ತಾರೆ ಅನ್ನೋದಕ್ಕೆ ಒಂದು ಸಾಲೂ ಇರಲಿಲ್ಲ. ಔಷಧಿ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವನು ನಾನು. ಸುಮ್ನೆ ಇರೋಕೆ ಆಗಲಿಲ್ಲ.

ನಿಯಮದ ವಿಷಯಕ್ಕೆ ಬಂದರೆ ಕೊರಿಯಾದವರು ಬಿಗಿಯಾಗೇ ಇದ್ದಾರೆ. 2015ರಿಂದ ಅಲ್ಲಿ ಗಿಡಮೂಲಿಕೆ ತಯಾರಕರಿಗೆಲ್ಲ ಜಿಎಂಪಿ, ಅಂದರೆ ಉತ್ತಮ ತಯಾರಿಕೆಯ ನಿಯಮಗಳು, ಕಡ್ಡಾಯ. ಒಂದು ಕಿಲೋ ಒಣ ಬೇರಿನಲ್ಲಿ ಸೀಸ 5 ಮಿಲಿಗ್ರಾಂ, ಆರ್ಸೆನಿಕ್ 3, ಪಾದರಸ 0.2 ದಾಟುವ ಹಾಗಿಲ್ಲ. ಆಯುರ್ವೇದ ಔಷಧಿಗಳಲ್ಲಿ ಸೀಸಕ್ಕೆ ನಮ್ಮಲ್ಲಿರುವ ಮಿತಿ 10. ಜಿನ್‌ಸೆಂಗ್ ಆದರೆ ಅದರ ಸಾರ, ಅಂದರೆ ಆರ್‌ಜಿ1 ಮತ್ತು ಆರ್‌ಬಿ1 ಅನ್ನುವ ಎರಡು ಅಂಶ, ಶೇ 0.10 ಮತ್ತು 0.20ಕ್ಕಿಂತ ಕಡಿಮೆ ಇರಬಾರದು.

ನನಗೆ ಇಷ್ಟವಾಗೋದು ಗಂಧಕದ ಪರೀಕ್ಷೆ. ಬೇರು ಬೆಳ್ಳಗೆ ಕಾಣಲಿ, ಹುಳ ಹಿಡಿಯದಿರಲಿ ಅಂತ ಕೆಲವರು ಗಂಧಕದ ಹೊಗೆ ಕೊಡುತ್ತಾರೆ. ಅಂಗಡಿಯಲ್ಲಿ ನಾವು ಆರಿಸೋದೂ ಅದನ್ನೇ, ಚೆನ್ನಾಗಿ ಕಾಣುತ್ತಲ್ವಾ! ಲ್ಯಾಬಿನಲ್ಲಿ ಆ ಬೇರನ್ನು ಆಸಿಡ್ ಹಾಕಿ ಕುದಿಸಿ, ಏಳುವ ಗಾಳಿಯನ್ನು ಹೈಡ್ರೋಜನ್ ಪೆರಾಕ್ಸೈಡ್ ಒಳಗೆ ಹಾಯಿಸಿ, ಆಮೇಲೆ ಕ್ಷಾರವನ್ನು ಹನಿ ಹನಿಯಾಗಿ ಬಿಡುತ್ತಾ, ಅದರಲ್ಲಿ ಹಾಕಿರುವ ಸೂಚಕದ ಕೆಂಪು ಬಣ್ಣ ಹಳದಿಗೆ ತಿರುಗುವವರೆಗೆ ಕಾಯಬೇಕು. ಜಾಸ್ತಿ ಹನಿ ಹಿಡಿಸಿದರೆ ಜಾಸ್ತಿ ಗಂಧಕ. ಗಂಧಕದ ಹೊಗೆಯ ಅಂಶ (ಸಲ್ಫರ್ ಡೈಆಕ್ಸೈಡ್) ಕಿಲೋಗೆ 30 ಮಿಲಿಗ್ರಾಂ ಮೀರಿದರೆ ಮಾಲು ವಾಪಸ್.

ಇಷ್ಟೆಲ್ಲ ಇದ್ದೂ 2015ರ ಏಪ್ರಿಲ್‌ನಲ್ಲಿ ದೊಡ್ಡ ರಾದ್ಧಾಂತ ಆಯಿತು. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ಒಳ್ಳೆಯದು ಅಂತ ಬೆಕ್ಸುಓ ಅನ್ನುವ ಬೇರಿನ ಉತ್ಪನ್ನಗಳು ಟಿವಿ ಶಾಪಿಂಗ್‌ನಲ್ಲಿ ಭರ್ಜರಿಯಾಗಿ ಹೋಗುತ್ತಿದ್ದವು. ಅಲ್ಲಿನ ಗ್ರಾಹಕ ಸಂಸ್ಥೆ 32 ಉತ್ಪನ್ನ ತಂದು ಡಿಎನ್‌ಎ ಪರೀಕ್ಷೆ ಮಾಡಿಸಿತು. ಅಸಲಿ ಅಂತ ಗಟ್ಟಿಯಾಗಿದ್ದು 3 ಮಾತ್ರ. 21ರಲ್ಲಿ ಅದರ ದಾಯಾದಿ ಬೇರು ಸಿಕ್ಕಿತು. ನೋಡೋಕೆ ಎರಡೂ ಒಂದೇ ಥರ, ಆದರೆ ದಾಯಾದಿ ಒಂದೇ ವರ್ಷದಲ್ಲಿ ಕೀಳೋಕೆ ಬರುತ್ತದೆ, ಅಸಲಿಗೆ ಎರಡು ಮೂರು ವರ್ಷ ಬೇಕು. ಉಳಿದ 8ರಲ್ಲಿ ಏನಿದೆ ಅಂತ ಹೇಳೋಕೇ ಆಗಲಿಲ್ಲ. ಕಾಯಿಸಿ ಸಾರ ತೆಗೆದ ಮೇಲೆ ಡಿಎನ್‌ಎ ಚೂರುಚೂರಾಗಿ ಹೋಗುತ್ತದೆ.

ನಾನು ಹೇಳಬೇಕು ಅಂದುಕೊಂಡಿದ್ದು ಇದೇ. ಬೇರು ಬೇರಾಗಿರುವಾಗಲೇ ಅದು ಯಾವ ಗಿಡದ್ದು ಅಂತ ಪರೀಕ್ಷೆ ಆಗಬೇಕು, ಆ ವರದಿ ಕೊನೆಯ ಗಿರಾಕಿಯ ಕೈಗೂ ಸಿಗಬೇಕು. ಕೊರಿಯಾದಲ್ಲೂ ಇದು ಪೂರ್ತಿ ಆಗಿಲ್ಲ. ಅಲ್ಲಿನ ಸಾಂಪ್ರದಾಯಿಕ ಪದ್ಧತಿಯ ವೈದ್ಯರು ಹತ್ತಾರು ಮೂಲಿಕೆ ಸೇರಿಸಿ ಕುದಿಸಿದ ಕಷಾಯವನ್ನು ಪೌಚಿನಲ್ಲಿ ತುಂಬಿ ಕೊಡುತ್ತಾರೆ. 2020ರ ನವೆಂಬರ್‌ನಿಂದ ಕೆಲವು ಕಾಯಿಲೆಗಳ ಕಷಾಯಕ್ಕೆ ಪ್ರಯೋಗವಾಗಿ ಸರ್ಕಾರಿ ವಿಮೆಯೂ ಇದೆ. ಆದರೆ ಕಾನೂನಿನ ಲೆಕ್ಕದಲ್ಲಿ ಅದು ವೈದ್ಯರು ಬೆರೆಸಿ ಕೊಟ್ಟ ಮದ್ದು, ಕಾರ್ಖಾನೆಯ ಔಷಧಿ ಅಲ್ಲ. ಹಾಗಾಗಿ ಬಿಗಿ ಎಲ್ಲ ಒಣ ಬೇರಿನ ಹಂತದಲ್ಲೇ. ಕಂದು ನೀರು ಕುಡಿಯುವವನಿಗೆ ಏನು ಗೊತ್ತಾಗುತ್ತದೆ?

ನಮ್ಮ ಗ್ರಂಧಿಗೆ ಅಂಗಡಿಗಳ ಕಥೆ ಇದಕ್ಕಿಂತ ಚೆನ್ನಾಗಿದೆ ಅಂತ ಅಲ್ಲ. ಅಶೋಕದ ಚಕ್ಕೆ ಕೇಳಿದರೆ ರಸ್ತೆ ಬದಿ ಕಂಬದ ಹಾಗೆ ಬೆಳೆಯುವ ಮರದ ತೊಗಟೆ ಸೇರಿಸಿ ಕೊಡುತ್ತಾರೆ ಅನ್ನುವ ದೂರು ಹಳೆಯದು. ನಾವು ಸೀಸ ಇದೆಯಾ, ಪಾದರಸ ಇದೆಯಾ ಅಂತ ಮಾತ್ರ ಕೇಳುತ್ತೇವೆ. ಶುದ್ಧವಾದ ತಪ್ಪು ತೊಗಟೆ ಆ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಗುತ್ತದೆ.

ಮುಂದಿನ ಸಲ ಇಂಥ ಉತ್ಪನ್ನದ ಬಗ್ಗೆ ಬರೆಯುವಾಗ, ಕೊರಿಯಾದ್ದಾಗಲಿ ನಮ್ಮದಾಗಲಿ, ಬ್ಯಾಚ್ ನಂಬರ್ ಕೊಟ್ಟರೆ ಬೇರಿನ ಗುರುತಿನ ವರದಿ ತೋರಿಸುತ್ತೀರಾ ಅಂತ ಕಂಪನಿಯವರನ್ನು ಕೇಳಿ. ಅವರ ಉತ್ತರ ಏನೇ ಬರಲಿ, ಹಾಗೇ ಅಚ್ಚು ಹಾಕಿ.

— ನಿಮ್ಮ ಓದುಗ, ಬೆಂಗಳೂರು